ಬಾವಿಗೆ ಇಳಿಸಿದ ದೀಪ

ಬಾವಿಗೆ ಆಳು ಇಳಿಯುವ ಮುಂಚೆ ದೀಪ ಇಳಿಯಬೇಕು. ಮುನಿವೆಂಕಟಯ್ಯನಿಗೆ ಅವನಪ್ಪ ಕಲಿಸಿದ್ದು ಅದು. ದೀಪ ಆರಿದರೆ ಕೆಳಗೆ ಕೆಟ್ಟ ಗಾಳಿ. ಉರಿದರೆ ಧೈರ್ಯವಾಗಿ ಇಳಿಯಬಹುದು. ಯಲಹಂಕದ ಆಚೆ ಅವನ ಸೊಪ್ಪಿನ ತೋಟದ ಬಾವಿಗೆ ಅಜ್ಜನ ಕಾಲದಿಂದ ಹಾಗೇ ಇಳಿದಿದ್ದರು, ಒಬ್ಬರ ಕೂದಲೂ ಕೊಂಕಿರಲಿಲ್ಲ.

ಬೇಲಿಯಾಚೆ ಹಳೇ ಕಲ್ಲುಕ್ವಾರಿ. ಊರ ಕಸವೆಲ್ಲ ಅದರೊಳಗೆ ಬಿದ್ದು ಗುಡ್ಡವಾಗಿ, ಮೇಲೆ ಮಣ್ಣು ಹೊದ್ದು ಕೂತಿತ್ತು. ಒಂದು ಕಂಪನಿ ಬಂದು ಗುಡ್ಡದ ತುಂಬ ಪೈಪು ಚುಚ್ಚಿ, ಕೊಳೆತ ಕಸದ ಗ್ಯಾಸು ಎಳೆದು ಎತ್ತರದ ಚಿಮಣಿಯಲ್ಲಿ ಸುಡುತ್ತಿತ್ತು. ಸುಟ್ಟಿದ್ದಕ್ಕೆ ಕಾರ್ಬನ್ ಕ್ರೆಡಿಟ್ ಅಂತ ಒಂದು ಲೆಕ್ಕದ ಚೀಟಿ ಸಿಗುತ್ತದೆ, ಎಲ್ಲೋ ದೂರದೇಶದಲ್ಲಿ ಹೊಗೆ ಬಿಡುವವರು ಅದನ್ನು ಕೊಳ್ಳುತ್ತಾರೆ ಎಂದು ಅಲ್ಲಿನ ಸೂಪರ್‌ವೈಸರ್ ಶರತ್ ಹೇಳಿದ್ದ. ಹೋದ ತಿಂಗಳು ಚಿಮಣಿ ಆರಿತು.

“ಯಾಕಪ್ಪಾ, ನಿಮ್ ಬೆಂಕಿ ಕೆಟ್ಟೋಯ್ತು?” ಎಂದು ಮುನಿವೆಂಕಟಯ್ಯ ಕೇಳಿದ್ದ.

“ಕ್ರೆಡಿಟ್ ರೇಟ್ ಬಿದ್ದೋಗಿದೆ ಯಜಮಾನ್ರೇ. ಗ್ಯಾಸ್ ಎಳೆಯೋ ಮೋಟರ್ ನಿಲ್ಲಿಸಿ ಅಂದಿದಾರೆ.”

“ಮತ್ತೆ ಗ್ಯಾಸು?”

“ಅದೆಲ್ಲಿಗೋಗುತ್ತೆ, ಒಳಗೇ ಇರುತ್ತೆ ಬಿಡಿ.”

ಒಳಗೇ ಇರಲಿಲ್ಲ. ಬಂಡೆಯ ಬಿರುಕು ಹಿಡಿದು ಬಾವಿಗೆ ಬಂದಿತ್ತು. ಅದು ಆಮೇಲೆ ಗೊತ್ತಾದ ಮಾತು.

ಬಾವಿಯ ಪಂಪು ಕೆಟ್ಟಿತ್ತು. ರಿಪೇರಿಗೆ ಗೆಳೆಯ ಗುಲಾಮ್ ರಸೂಲ್ ಬಂದ. ಬಂದವನೇ ಷರಟು ಬಿಚ್ಚಿ ಸೊಂಟಕ್ಕೆ ಹಗ್ಗ ಸುತ್ತಿಕೊಂಡ.

“ತಡಿಯೋ, ದೀಪ ಬಿಡ್ತೀನಿ.”

“ನಂಗೇನು ಮದ್ವೇನಾ, ಆರತಿ ಎತ್ತೋಕೆ? ಹೊತ್ತಾಗುತ್ತೆ ಕಣೋ ಗೌಡ.”

“ನೀನು ಸತ್ರೆ ನಿನ್ನೆಂಡ್ತಿ ಫರೀದಾಗೆ ನಾನೇನ್ ಏಳ್ಲಿ? ಮುಚ್ಕೊಂಡ್ ನಿಂತ್ಕೊ, ಕತ್ತೆ!”

ರಸೂಲ್ ನಗುತ್ತ ಕಟ್ಟೆಯ ಮೇಲೆ ಬಗ್ಗಿದ. ಮುನಿವೆಂಕಟಯ್ಯ ಲಾಟೀನು ಹಚ್ಚಿ, ಹಿಂದೆ ನಿಂತು, ರಾಟೆಯ ಮೇಲಿಂದ ನಿಧಾನವಾಗಿ ಹಗ್ಗ ಬಿಟ್ಟ.

“ಚೆನ್ನಾಗೇ ಉರೀತೈತೆ. ಇಳೀಲಾ?” ಎಂದ ರಸೂಲ್.

ಬಾವಿ ಬೆಂಕಿ ಕಾರಿತು.

ಮುನಿವೆಂಕಟಯ್ಯನ ಅಂಗೈ ಸುಟ್ಟಿತು, ಅಷ್ಟೆ. ರಸೂಲನ ಮುಖ, ಎದೆ ಬೆಂದುಹೋದವು, ಜೀವ ಮಾತ್ರ ಇತ್ತು.

ಮಾರನೆಯ ದಿನ ಶರತ್ ಆಸ್ಪತ್ರೆಗೆ ಬಂದು ತಲೆ ತಗ್ಗಿಸಿಕೊಂಡೇ ಹೇಳಿದ: “ಬೆಂಕಿ ಇಳಿಸ್ದೇ ಇದ್ದಿದ್ರೆ ಏನೂ ಆಗ್ತಿರ್ಲಿಲ್ಲ, ಯಜಮಾನ್ರೇ.”

ಮುನಿವೆಂಕಟಯ್ಯ ಅವನ ಕೊರಳಪಟ್ಟಿ ಹಿಡಿದು ಕೈ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು. ಬೆಂಕಿ ಇಳಿಸದಿದ್ದರೆ ರಸೂಲನನ್ನೇ ಇಳಿಸುತ್ತಿದ್ದ. ಅಲ್ಲಿ ಉಸಿರು ಕಟ್ಟುತ್ತಿತ್ತೋ ಏನೋ. ಅಪ್ಪ ಕಲಿಸಿದ್ದು ಮಾಡಿದರೂ ಸಾವು, ಬಿಟ್ಟರೂ ಸಾವು. ಇಂಥ ಗಾಳಿ ಅಪ್ಪನ ಕಾಲಕ್ಕೆ ಇರಲಿಲ್ಲ.

“ಅಣ್ಣಾ, ನಿಮ್ಮನ್ನ ಕರೀತಾವ್ರೆ,” ಎಂದು ಫರೀದಾ ಬಾಗಿಲಿಗೆ ಬಂದಳು.

ಬಟ್ಟೆ ಸುತ್ತಿದ ಮುಖ ಅವನ ಹೆಜ್ಜೆಯ ಸದ್ದಿಗೆ ತಿರುಗಿತು. ಮಂಪರಿನಲ್ಲಿ ರಸೂಲ್ ಇನ್ನೂ ಬಾವಿಕಟ್ಟೆಯಲ್ಲೇ ಇದ್ದ.

“ದೀಪ ಉರೀತೈತಾ ಗೌಡ? ಇಳೀಲಾ?”

“ಬ್ಯಾಡ ಕಣೋ. ಇಳೀಬ್ಯಾಡ.”

“ಯಾಕೆ, ಆರೋಯ್ತಾ?”

ಸಂಜೆ ನಮಾಜಿನ ಹೊತ್ತಿಗೆ ರಸೂಲ್ ಹೋದ.

ಮಣ್ಣು ಕೊಟ್ಟು ಬರುವಾಗ ಗುಡ್ಡದ ಮೇಲೆ ಚಿಮಣಿ ಮತ್ತೆ ಉರಿಯುತ್ತಿತ್ತು. ವಿಚಾರಣೆಗೆ ಯಾರೋ ಬರುತ್ತಾರಂತೆ, ಅದಕ್ಕೆ.