ಬೂದು ಹಕ್ಕಿಗೆ ಇಟ್ಟ ನೀರು

ಅದೋ ಬಾಲ ಅಲ್ಲಾಡಿತು, ಅಲ್ಲ, ಬಾಲವಲ್ಲ, ಜಾಲಿಕಂಟಿಗೆ ಸಿಕ್ಕಿಕೊಂಡ ಗುಟ್ಕಾ ಚೀಟಿ, ಗಾಳಿಗೆ ಹೊರಳಾಡುತ್ತಿದೆ, ಅದನ್ನೇ ಹಕ್ಕಿ ಅಂದುಕೊಂಡು ರತ್ನದೀಪ ಮತ್ತೆ ಉಸಿರು ಹಿಡಿದಿದ್ದ, ಎಷ್ಟನೆಯ ಸಲವೋ ಏನೋ, ಕಣ್ಣಲ್ಲಿ ಮರಳು ಹೊಯ್ದಂತೆ ಉರಿ, ಸೊಂಟದ ಕೆಳಗೆ ಎಲ್ಲ ಮರಗಟ್ಟಿದೆ, ಶಹಾಬಾದಿನ ಪರ್ಸಿ ಕಲ್ಲು ಮನೆಯೊಳಗೆ ಹಾಸಿದರೆ ತಂಪು, ಬೆಳಗಿನ ಚಳಿಯಲ್ಲಿ ಅದರ ಮೇಲೆ ಕೂತವನಿಗೆ ಶಿಕ್ಷೆ — ಹಕ್ಕಿ ನೋಡುವವರು ಯಾಕೆ ಯಾವಾಗಲೂ ತೆಪ್ಪಗಿರುತ್ತಾರೆ ಅಂತ ಮೊದಲು ನಗುತ್ತಿದ್ದ, ಈಗ ಗೊತ್ತಾಯಿತು, ಅದು ಶಾಂತಿಯಲ್ಲ, ಸುಸ್ತು. ಎದುರಿಗೆ ಹಳೆಯ ಖಣಿ, ಕಲ್ಲು ತೆಗೆದು ತೆಗೆದು ಬಿಟ್ಟುಹೋದ ಹೊಂಡ, ಮಳೆನೀರು ನಿಂತು ಹಸಿರಾಗಿದೆ, ಅಂಚು ಗೋಡೆಯಂತೆ ನೆಟ್ಟಗೆ ಇಳಿದಿದೆ, ಹಕ್ಕಿ ಕಾಲೂರಿ ಗುಟುಕು ನೀರು ಕುಡಿಯೋಣವೆಂದರೆ ಜಾಗವಿಲ್ಲ, ಅದಕ್ಕೇ ನಿನ್ನೆ ಸಂಜೆ ಮನೆಯ ಹಿಟ್ಟು ನಾದುವ ಪರಾತವನ್ನು ಎತ್ತಿಕೊಂಡು ಬಂದು, ಹಾಸುಗಲ್ಲಿನ ಮೇಲಿಟ್ಟು ನೀರು ತುಂಬಿಸಿದ್ದಾನೆ, ಅವ್ವ ಅನಸುಬಾಯಿ ಈಗ ವಾಡಿಯ ಮನೆಯಲ್ಲಿ ಜೋಳದ ಹಿಟ್ಟು ಮುಂದಿಟ್ಟುಕೊಂಡು ಪರಾತ ಹುಡುಕುತ್ತಿರಬೇಕು, ಇದೂ ಆ ಭಾಡಕೋನದೇ ಕೆಲಸ ಅನ್ನುತ್ತಿರಬೇಕು, ಊರಲ್ಲಿ ಯಾರದು ಏನು ಕಳೆದರೂ ಮೊದಲು ತನ್ನ ಹೆಸರು, ಪೋಸ್ಟರಿನಲ್ಲಿ ಹೀರೋ ಹೆಸರು ಮೊದಲು ಬರುವ ಹಾಗೆ. ಇರಲಿ, ಇವತ್ತು ಒಂದು ದಿನ ಹಕ್ಕಿ ಇಲ್ಲೇ ಇದ್ದರೆ ಸಾಕು, ಯಶೋಧರಾ ಟೀಚರ್ ಬಂದು ನೋಡುವ ತನಕ ಇದ್ದರೆ ಸಾಕು, ಆಮೇಲೆ ಅದು ಕಾಬೂಲಿಗೆ ಬೇಕಾದರೂ ಹೋಗಲಿ, ಇವನು ಮಲಗಿಬಿಡುತ್ತಾನೆ, ಈ ಕಲ್ಲಿನ ಮೇಲೇ.

ಸೀಗಿ ಹುಣ್ಣಿಮೆ ಕಳೆಯಿತೆಂದರೆ ಟೀಚರಿಗೆ ಹುಚ್ಚು ಹಿಡಿಯುತ್ತದೆ, ಚಿತ್ತಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವರು ಆಕೆ, ಉತ್ತರದಿಂದ ಬರುವ ಹಕ್ಕಿಗಳ ದಾರಿ ಕಾಯಲು ಬಳಗ ಕಟ್ಟಿದವರು, ಆಗ ಮೊಬೈಲು ಟಿಣ್ ಟಿಣ್ ಅನ್ನಲು ಶುರು, ಸನ್ನತಿಯ ಹೊಳೆಯಲ್ಲಿ ಪಟ್ಟೆತಲೆ ಹೆಬ್ಬಾತು ಇಳಿದಾವ್ರಿ, ಸೇಡಂ ರಸ್ತೆಯ ತೊಗರಿ ಹೊಲದ ಮೇಲೆ ಸೆಳೆವ ಗಿಡುಗ ತೇಲಾಕತ್ತದ್ರಿ, ಫೋಟೋದ ಮೇಲೆ ಫೋಟೋ, ಎಲ್ಲರಿಗೂ ಟೀಚರ್ ಒಂದೇ ಉತ್ತರ, ಚಂದ ಅದ, ಎರಡನೇದವರು ಯಾರು ನೋಡೀರಿ? ಬಳಗದ ಕಾನೂನು ಅದು, ಒಬ್ಬರ ಕಣ್ಣು ಲೆಕ್ಕಕ್ಕಿಲ್ಲ, ಇಬ್ಬರು ನೋಡಿದರೇ ಹಕ್ಕಿ ಬಂತು ಅಂತ ಅರ್ಥ, ಮತ್ತೆ ರತ್ನದೀಪನ ಜೊತೆ ಎರಡನೆಯವನಾಗಿ ನಿಲ್ಲಲು ಯಾರೂ ತಯಾರಿಲ್ಲ, ಯಾಕೆಂದರೆ ಕೋಳಿ. ಆ ಕೋಳಿ. ಹೋದ ವರ್ಷ ಬಳಗವೆಲ್ಲ ಚಿಂಚೋಳಿಯ ಕಾಡಿಗೆ ಹೋದಾಗ ಪಕ್ಕದ ಮನೆಯ ಬಿಬಿಜಾನಳ ಹುಂಜಕ್ಕೆ ಓಕುಳಿಯ ಹಸಿರು ನೀಲಿ ಬಳಿದು, ಬುಟ್ಟಿಯಲ್ಲಿ ಮುಚ್ಚಿ ತಂದು, ಕುಂಚಾವರಂ ದಾರಿಯ ಪೊದೆಯೊಳಗೆ ಬಿಟ್ಟಿದ್ದ, ಸೇಡಂನ ಸಿದ್ಧಲಿಂಗ ಸರ್, ತಹಶೀಲ್ದಾರ ಆಫೀಸಿನ ದೊಡ್ಡ ಕ್ಯಾಮೆರಾದ ಸಿದ್ಧಲಿಂಗ ಸರ್, ಹೊಟ್ಟೆಯ ಮೇಲೆ ತೆವಳಿ ತೆವಳಿ ಅರ್ಧ ತಾಸು ಅದರ ಫೋಟೋ ತೆಗೆದರು, ಅಪರೂಪದ್ದು, ಉಸಿರು ಬಿಡಬ್ಯಾಡ್ರಿ ಅಂದರು, ಆಗ ಹುಂಜ ಕೂಗಿತು. ನಕ್ಕೂ ನಕ್ಕೂ ಟೀಚರಿಗೆ ಕಣ್ಣೀರು ಬಂದಿತ್ತು, ಸರ್‌ಗೆ ಮಾತ್ರ ಮುಖದ ರಕ್ತ ಇಳಿದಿತ್ತು, ಬಟ್ಟೆ ತುಂಬ ಮುಳ್ಳು, ಆ ದಿನ ರತ್ನದೀಪ ಕಾಲರ್ ಏರಿಸಿ ಹೇಳಿದ್ದ ಡೈಲಾಗು ಈಗಲೂ ನೆನಪಿದೆ, ಸರ, ಕ್ಯಾಮೆರಾ ಎಷ್ಟೇ ದೊಡ್ಡದಿರ್ಲಿ, ಕೋಳಿ ಕೋಳೀನೇ. ಥಿಯೇಟರಾಗಿದ್ದರೆ ಸೀಟಿ ಬೀಳುತ್ತಿತ್ತು. ಈಗ ನೆನೆಸಿಕೊಂಡರೆ ಬಾಯಿ ಕಹಿ.

ಆದ್ದರಿಂದ ಮೊನ್ನೆ ಈ ಹಕ್ಕಿಯ ಫೋಟೋ ಹಾಕಿದಾಗ ಬಂದ ಮೊದಲ ಉತ್ತರ ಸಿದ್ಧಲಿಂಗ ಸರ್‌ದು, ಯಾವ ಬಣ್ಣ ಬಳದಿ ತಮ್ಮಾ ಈ ಸಲ, ಅದರ ಹಿಂದೆ ಎಲ್ಲರ ನಗು, ಹಳದಿ ಮುಖಗಳ ಸಾಲು. ಬಳಿದಿರಲಿಲ್ಲ, ದೇವರಾಣೆ, ಅವ್ವನಾಣೆ, ಯಾರ ಆಣೆ ಬೇಕು ನಿಮಗೆ, ಕಂಟಿಯ ಮೇಲೆ ಒಂಟಿಯಾಗಿ ಕೂತಿತ್ತು ಅದು, ಬೂದು, ಕೊಕ್ಕಿನ ಬುಡದಿಂದ ಬಾಲದ ತುದಿಯ ತನಕ ಒಂದೇ ಬೂದು, ತಲೆಯ ಹಿಂದೆ ಬಾಚಿದಂಥ ಜುಟ್ಟು, ಪುಸ್ತಕದ ಯಾವ ಪುಟದಲ್ಲೂ ಇಲ್ಲದ ಹಕ್ಕಿ, ಮೈಯೆಲ್ಲ ಝುಮ್ಮೆಂದಿತ್ತು, ಒಂದು ಸಲವಾದರೂ ತಾನೇ ಕಂಡ ಖರೇ ಮಾಲು. ಇವನನ್ನ ಬಳಗದಿಂದ ತೆಗೀರಿ ಅಂತ ಸರ್ ಪಟ್ಟು ಹಿಡಿದರು, ಟೀಚರ್ ಇವನಿಗೆ ಫೋನೇ ಮಾಡಿದರು, ರತ್ನದೀಪಾ, ಒಂದೇ ಸಲ ಕೇಳ್ತೀನಿ, ಖರೇನ? ಖರೇನ್ರಿ ಟೀಚರ್. ಅಷ್ಟೇ, ಮುಂದೆ ಕೇಳಲಿಲ್ಲ, ಬಳಗಕ್ಕೆ ಬರೆದರು, ಐತವಾರ ಎಲ್ಲರೂ ಹೋಗಿ ನೋಡೋಣು, ಬಂದೇಅಲಿ ಸಾಹೇಬರನ್ನೂ ಕರಸ್ತೀನಿ, ಹುಡುಗ ಮತ್ತ ಕೋಳಿಯಂಥ ಚಾಷ್ಟಿ ಮಾಡಿದ್ದು ಹೌದಾದ್ರ ಅವನ ಜೋಡಿ ನಾನೂ ಬಳಗ ಬಿಡ್ತೀನಿ. ತಾವೇ ಕಟ್ಟಿದ ಬಳಗ. ಬಂದೇಅಲಿ ಸಾಹೇಬರೆಂದರೆ ವಲಸೆ ಹಕ್ಕಿಯ ಹಿಂದೆಯೇ ಕೂದಲು ಬೆಳ್ಳಗೆ ಮಾಡಿಕೊಂಡ ಪ್ರೊಫೆಸರು, ಮೊಣಕಾಲು ಸವೆದಿದೆ, ಆದರೂ ಕಲಬುರಗಿಯಿಂದ ಬರುತ್ತಿದ್ದಾರೆ — ಟೀಚರ್ರೀ, ಇಷ್ಟು ದೊಡ್ಡ ಡೈಲಾಗು ಯಾಕ ಹೊಡದ್ರಿ, ನನ್ನ ಸಲುವಾಗಿ ಯಾರಾದರೂ ಹೀಗೆ ಮಾತು ಒತ್ತೆ ಇಟ್ಟಿದ್ದುಂಟೇ, ಅಂದಿನಿಂದ ಅನ್ನ ರುಚಿಸಿಲ್ಲ, ದಿನಾ ಬೆಳಗ್ಗೆ ಬಂದು ಕಾಯುವುದು, ಇದೆಯೋ ಹೋಯಿತೋ, ಇದೆಯೋ ಹೋಯಿತೋ, ನಗಿಸುವವನ ಕೆಲಸ ಸುಲಭವಿತ್ತು, ನಂಬಿಸುವವನ ಕೆಲಸಕ್ಕೆ ನಿದ್ದೆಯೂ ಇಲ್ಲ.

ಬಂತು. ಈಗ ನಿಜವಾಗಿಯೂ ಬಂತು, ಆಚೆ ಫ್ಯಾಕ್ಟರಿಯ ಕಡೆಯಿಂದ, ರಾತ್ರಿ ಅಲ್ಲಿಯೇ ಚೀಲ ತುಂಬುವ ಶೆಡ್ಡಿನ ತೊಲೆಯ ಮೇಲೆ ಇರುತ್ತದೆಂದು ಕಾಣುತ್ತದೆ, ಎಡಗಾಲು ಸ್ವಲ್ಪ ಕುಂಟು, ಹಿಂಡಿನಿಂದ ಹಿಂದೆ ಬಿದ್ದದ್ದೇ, ಪರಾತದ ಅಂಚಿನ ಮೇಲೆ ಕೂತಿತು, ಅತ್ತಿತ್ತ ನೋಡಿತು, ಬಾ ಹೀರೋ ಬಾ, ನಿನಗಾಗಿ ಅವ್ವನ ಪರಾತ ಕದ್ದವನು ನಾನು, ಒಂದು ಗುಟುಕು ಕುಡಿಯಿತು, ಎರಡು, ಆಮೇಲೆ ಒಳಗೇ ಇಳಿದುಬಿಟ್ಟಿತು, ತಲೆ ಅದ್ದಿತು, ಎತ್ತಿತು, ಒದರಿತು, ರೆಕ್ಕೆ ಪಟಪಟ ಬಡಿದು ನೀರನ್ನೆಲ್ಲ ಬೆನ್ನ ಮೇಲೆ ಎರಚಿಕೊಂಡಿತು, ಅಯ್ಯ ಪಾಪ, ಎಷ್ಟು ದಿನದ ಸ್ನಾನವೋ — ನೀರು ಯಾಕೆ ಬೂದಾಗುತ್ತಿದೆ. ತಲೆ ಅದ್ದಿತು, ಎತ್ತಿತು, ಒದರಿತು. ಜುಟ್ಟು ಕಪ್ಪು. ಬೆನ್ನ ಮೇಲೆ ಒಂದು ಬೊಟ್ಟಿನಷ್ಟು ಜಾಗ, ಗುಲಾಬಿ. ಗುಲಾಬಿ? ಸಿಮೆಂಟು, ಫ್ಯಾಕ್ಟರಿಯ ಸಿಮೆಂಟಿನ ಧೂಳು, ಹಕ್ಕಿಗೆ ಮೆತ್ತಿದ್ದು ಧೂಳು, ಒಳಗಿರುವುದು ಗುಲಾಬಿ ಮೈನಾ, ಜೋಳ ತೆನೆ ಕಟ್ಟುವ ಹೊತ್ತಿಗೆ ಹಿಂಡು ಹಿಂಡಾಗಿ ಬಂದು ಮುಗಿಬೀಳುತ್ತದಲ್ಲ, ಡಬ್ಬಿ ಬಡಿದು ಓಡಿಸುತ್ತಾರಲ್ಲ, ಅದೇ, ಎಲ್ಲರೂ ಕಂಡದ್ದೇ. ನೀರಿಟ್ಟವನು ತಾನೇ. ನೀರಿಡದಿದ್ದರೆ ಇನ್ನೊಂದು ತಾಸು ಅದು ಬೂದಾಗಿಯೇ ಇರುತ್ತಿತ್ತು, ಟೀಚರ್ ನೋಡುತ್ತಿದ್ದರು, ಸಾಹೇಬರು ನೋಡುತ್ತಿದ್ದರು, ಮತ್ತೆ ಇದೇನು ಯೋಚನೆ, ಸಿಮೆಂಟಿಗೆ ನೀರು ತಾಗಿದರೆ ಗಟ್ಟಿಯಾಗುತ್ತದಲ್ಲ, ರೆಕ್ಕೆ ಗೋಡೆಯಾಗಿಬಿಟ್ಟರೆ, ಇಲ್ಲ, ಇಳಿಯುತ್ತಿದೆ, ಹಾರುತ್ತದೆ. ಅಪ್ಪ ಜೈಭೀಮನೂ ಹೀಗೇ, ಅದೇ ಫ್ಯಾಕ್ಟರಿಯಲ್ಲಿ ಚೀಲ ಹೊತ್ತು ಬಂದು ನಳದ ಕೆಳಗೆ ಕೂತರೆ ಮೊದಲ ತಂಬಿಗೆಗೆ ಅರ್ಧ ಮುಖ ಬೇರೆಯವರದು, ಅರ್ಧ ಅಪ್ಪನದು, ಸಣ್ಣವನಿದ್ದಾಗ ಒಮ್ಮೆ ಬುತ್ತಿ ಕೊಡಲು ಹೋಗಿ, ಪಾಳಿ ಬಿಟ್ಟ ಗೇಟಿನಲ್ಲಿ ಎಲ್ಲರೂ ಒಂದೇ ಬೂದು, ಯಾರದೋ ಬೆರಳು ಹಿಡಿದುಕೊಂಡು ರೈಲ್ವೆ ಗೇಟಿನ ತನಕ ನಡೆದುಬಿಟ್ಟಿದ್ದ, ಆ ಮನುಷ್ಯನೂ ಏನೂ ಅನ್ನದೆ ನಡೆಯುತ್ತಿದ್ದ, ದಣಿದಿದ್ದ, ಆಮೇಲೆ ಬಗ್ಗಿ ನೋಡಿ, ಯಾರ ಮಗಾನೋ ನೀ ಅಂದಿದ್ದ, ಇಷ್ಟೆಲ್ಲ ಗೊತ್ತಿದ್ದವನು ಒಂದು ಹಕ್ಕಿಯ ಮೈಮೇಲೆ ಅದೇ ಧೂಳನ್ನು ಗುರುತಿಸಲಿಲ್ಲ, ಶಾಣ್ಯಾ, ಭಾಳ ಶಾಣ್ಯಾ.

ಜೀಪು. ಜೀಪಿನ ಸದ್ದು, ಬಾಗಿಲು ತೆಗೆದ ಸದ್ದು, ಈಗ ದಿಬ್ಬ ಹತ್ತುತ್ತಾರೆ, ಸಾಹೇಬರ ಕೋಲು ಕಲ್ಲಿಗೆ ಟಕ್ ಟಕ್. ಮೊಬೈಲು ತೆಗೆದು ವಿಡಿಯೋ ಹಿಡಿಯಲೇ, ಏನು ಹಿಡಿದರೇನು, ಸಿದ್ಧಲಿಂಗ ಸರ್ ನೋಡಿ ಏನನ್ನುತ್ತಾರೆಂದು ಈಗಲೇ ಕಿವಿಯಲ್ಲಿ ಕೇಳುತ್ತಿದೆ, ಬಣ್ಣ ಬಳದವನೂ ಇವನೇ, ತೊಳದವನೂ ಇವನೇ, ಕೋಳಿ ಬಳಿದವನ ಮಾತಿಗೆ ಯಾವ ಕೋರ್ಟು ಬೆಲೆ ಕೊಡುತ್ತದೆ, ಅಲ್ಲಿಗೆ ಟೀಚರ್ ಮಾತೂ ಹೋಯಿತು, ಬಳಗವೂ ಹೋಯಿತು. ಕೈಗೆ ಒಂದು ಚೂರು ಕಲ್ಲು ಸಿಕ್ಕಿದೆ, ಯಾವಾಗ ಎತ್ತಿಕೊಂಡನೋ, ಚಪ್ಪಟೆ, ತಣ್ಣಗೆ, ಸುಮ್ಮನೆ ಪರಾತದ ಪಕ್ಕಕ್ಕೆ ಎಸೆದರೆ ಸಾಕು, ಹಕ್ಕಿ ಹಾರುತ್ತದೆ, ಬೂದು ನೀರು ಖಣಿಗೆ ಚೆಲ್ಲಿದರೆ ಮುಗಿಯಿತು, ಈಗ ಹಾರಿತ್ರಿ, ಸ್ವಲ್ಪದ್ರಾಗ ತಪ್ಪಿತ್ರಿ, ಫೋಟೋದಲ್ಲಿ ಅದು ಯಾವತ್ತಿಗೂ ಬೂದು ಹಕ್ಕಿಯಾಗಿಯೇ ಉಳಿಯುತ್ತದೆ, ಸುಳ್ಳಲ್ಲ, ಪೂರ್ತಿ ಸುಳ್ಳಲ್ಲ, ಆದರೆ ಅಷ್ಟು ಸವೆದ ಮೊಣಕಾಲಿನಲ್ಲಿ ಆ ಮುದುಕರು ಸಂಜೆಯ ತನಕ ಇಲ್ಲದ ಹಕ್ಕಿಯನ್ನು ಕಾಯುತ್ತಾರೆ, ಟೀಚರ್ ಕೂಡ, ಒಂದೇ ಸಲ ಕೇಳ್ತೀನಿ ಅಂದಿದ್ದರು, ಎರಡನೆಯ ಸಲ ಕೇಳುವುದಿಲ್ಲ, ಅದೇ ತೊಂದರೆ, ಕೇಳಿದ್ದರೆ ಹೇಳಿಬಿಡಬಹುದಿತ್ತು. ಸಾಕಾಯಿತು. ಎಷ್ಟು ಸಾಕಾಗಿದೆ ಅಂದರೆ ಸುಳ್ಳು ಹೇಳಲಿಕ್ಕೂ ತ್ರಾಣವಿಲ್ಲ, ಕಲ್ಲು ಕೈಯಿಂದ ತಾನೇ ಜಾರಿತು, ತನ್ನದೇ ಕಾಲಿನ ಮೇಲೆ ಬಿತ್ತು, ನೋವಾಗಬೇಕಿತ್ತು, ಆಗಲಿಲ್ಲ, ಅವನು ಎದ್ದು ನಿಲ್ಲದೆ ಕೈ ಮಾತ್ರ ಬೀಸಿ ಕರೆದ, ಮೆಲ್ಲಕ ಬರ್ರಿ, ಲಗೂನ ಬರ್ರಿ, ಪೂರಾ ತೊಳಕೊಳ್ಳೂದ್ರಾಗ ಬರ್ರಿ.

ಬಂದು ನಿಂತರು, ಎಲ್ಲರೂ ಅಂದಿದ್ದರೂ ಮೂವರೇ, ಟೀಚರ್, ಸಾಹೇಬರು, ಸಿದ್ಧಲಿಂಗ ಸರ್. ಹಕ್ಕಿ ಈಗ ಅರ್ಧ ಬೂದು, ಅರ್ಧ ಗುಲಾಬಿ, ಯಾರ ಪರಿವೆಯೂ ಇಲ್ಲದೆ ಮೀಯುತ್ತಿದೆ. ಸಿದ್ಧಲಿಂಗ ಸರ್ ಕ್ಯಾಮೆರಾ ಎತ್ತಲೇ ಇಲ್ಲ, ಕೋಳಿ ಆತು, ಈಗ ಮೈನಾಕ್ಕ ಸಿಮಿಟು ಬಳದಾನ ನೋಡ್ರಿ ಟೀಚರ, ಇನ್ನೇನ್ ನೋಡೂದು ಉಳೀತು ಅಂದರು, ಮೆತ್ತಗೆ, ಗೆದ್ದವರ ಧ್ವನಿಯಲ್ಲಿ. ನಾ ಬಳದಿಲ್ರಿ ಅನ್ನಲು ಹೋದರೆ ರತ್ನದೀಪನಿಗೆ ಬರೀ ಕೆಮ್ಮು ಬಂತು. ಟೀಚರ್ ಹಕ್ಕಿಯನ್ನು ಬಹಳ ಹೊತ್ತು ನೋಡಿದರು, ಆಮೇಲೆ ಇವನನ್ನು ನೋಡಿದರು, ಹಕ್ಕಿಯನ್ನು ನೋಡಿದ ಹಾಗೆಯೇ, ಕೂದಲು, ಹುಬ್ಬು, ರೆಪ್ಪೆ, ಒಂದೊಂದಾಗಿ, ಬಗ್ಗಿ ಅವನ ಹಣೆಯ ಮೇಲೆ ಬೆರಳೆಳೆದರು, ಬೆರಳನ್ನು ಸಿದ್ಧಲಿಂಗ ಸರ್ ಮುಂದೆ ಹಿಡಿದರು, ಬೂದು.

ಇವನಿಗ್ಯಾರು ಬಳದಾರ್ರಿ ಸರ?

ಸಾಹೇಬರು ಕೋಲು ಊರಿ ಮೆಲ್ಲಗೆ ಅದೇ ಕಲ್ಲಿನ ಮೇಲೆ ಇವನ ಪಕ್ಕದಲ್ಲಿ ಕೂತರು, ಎಲ್ಲೆಲ್ಲಿಂದ ಹಾರಿ ಬಂದದ ಪಾಪ, ನೋಡೋಣ ಇರ್ರಿ ಅಂದರು, ಟೀಚರೂ ಕೂತರು, ಇನ್ನು ಮಲಗಬಹುದು, ಕಣ್ಣು ಮುಚ್ಚಬಹುದು, ಮುಚ್ಚಿದರೂ ಅದೇ — ತಲೆ ಅದ್ದುತ್ತದೆ, ಎತ್ತುತ್ತದೆ, ಒದರುತ್ತದೆ, ಬೂದು ನೀರು ಪರಾತದ ಅಂಚು ದಾಟಿ ಕಲ್ಲಿನ ಮೇಲೆ ಹರಿಯುತ್ತದೆ, ಬೆನ್ನ ಮೇಲೆ ಗುಲಾಬಿ, ಇನ್ನೊಂದು ಬೊಟ್ಟು ಗುಲಾಬಿ, ತಲೆ ಅದ್ದುತ್ತದೆ, ಎತ್ತುತ್ತದೆ, ತಲೆ ಅದ್ದುತ್ತದೆ,