ಇದ್ದಿಲು ಬಟ್ಟೆ

ಹಲಗೆ ಮಂಚಕ್ಕೂ ಗೋಡೆಗೂ ನಡುವೆ ಸಿಕ್ಕಿಕೊಂಡಿತ್ತು. ಅವಳು ನೆಲಕ್ಕೆ ಮಂಡಿಯೂರಿ ಅದನ್ನು ಎರಡೂ ಕೈಯಿಂದ ಎಳೆಯುತ್ತಿದ್ದಳು. ಗಂಡನನ್ನು ಮಣ್ಣು ಮಾಡಿ ನಾಲ್ಕು ದಿನವಾಗಿತ್ತು. ಕೊನೆಯ ನೆಂಟರು ನಿನ್ನೆ ಸಂಜೆಯ ಬಸ್ಸಿಗೆ ಹೊರಟುಹೋಗಿದ್ದರು, ಬಾಡಿಗೆ ಕುರ್ಚಿಗಳೂ ಹೋಗಿದ್ದವು. ಇವತ್ತು ಎಂದಿನ ಹೊತ್ತಿಗೆ ನಲ್ಲಿಯಲ್ಲಿ ನೀರು ಬಂತು, ಎಂದಿನ ಹೊತ್ತಿಗೆ ಪಕ್ಕದ ಮನೆಯ ರೇಡಿಯೊ ಶುರುವಾಯಿತು. ಒಬ್ಬರು ಬಾಗಿಲಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, ತಾವು ಹೊಲಿಯಲು ಕೊಟ್ಟಿದ್ದ ಪ್ಯಾಂಟಿನ ಬಟ್ಟೆ ಕತ್ತರಿಸಿ ಆಗಿತ್ತೋ ಹೇಗೆ ಎಂದು ವಿಚಾರಿಸಿದರು. ಆಗಿರಲಿಲ್ಲ. ಬಟ್ಟೆಯನ್ನು ಮಡಿಕೆ ಬಿಚ್ಚದೆ ತಂದುಕೊಟ್ಟಳು. ಅವರು ಇವಳ ಮುಖ ನೋಡದೆ ಇಸಿದುಕೊಂಡು ಹೋದರು.

ಹಲಗೆ ಅವಳ ಗೆಳತಿಯದು, ಚಿತ್ರ ಬರೆಯುವುದಕ್ಕೆ ಇಟ್ಟುಕೊಂಡದ್ದು. ಗಂಡ ದರ್ಜಿ. ಕಾಲು ಕೈಕೊಟ್ಟು ಮಂಚ ಹಿಡಿದ ಮೇಲೆ ಗೆಳತಿಯಿಂದ ಅದನ್ನು ಎರವಲು ಕೇಳಿ ಪಡೆದಿದ್ದ. ತೊಡೆಯ ಮೇಲೆ ಹಲಗೆ, ಅದರ ಮೇಲೆ ಕಾಗದ. ಕೋಟಿನ ಅಚ್ಚು ಬರೆಯುವುದು, ಆಮೇಲೆ ಗುರುತು ಅಡಿಗೂ ಇಳಿಯಲೆಂದು ದರ್ಜಿಗಳ ಹಲ್ಲಿನ ಗಾಲಿಯನ್ನು ಗೆರೆಯ ಮೇಲೆ ಒತ್ತಿ ಓಡಿಸುವುದು. ಆ ಕಿರಿಕಿರಿ ಸದ್ದಿಗೆ ಅವಳಿಗೆ ಮಧ್ಯಾಹ್ನದ ನಿದ್ದೆಯೂ ಇರಲಿಲ್ಲ. ಯಾರ ಕೋಟು ಎಂದು ಕೇಳಿದರೆ, ಚಳಿಯಲ್ಲಿ ನಡುಗಿಕೊಂಡು ಕಾಜಾ ಹಾಕುವವಳದು ಎಂದಿದ್ದ. ಟೇಪು ಹಿಡಿದು ಹತ್ತಿರ ಹೋದಾಗ, ಅವಳ ಅಳತೆ ತನ್ನ ಕೈಗೇ ಗೊತ್ತು ಎಂದು ಟೇಪನ್ನು ಅವಳ ಕೊರಳಿಗೇ ಹಾಕಿ ಕಳಿಸಿದ್ದ. ಹಾಸಿಗೆ ತೆಗೆಯುವ ದಿನ ಯಾರೋ ಆ ಕಾಗದಗಳನ್ನೆಲ್ಲ ಒಟ್ಟುಮಾಡಿ ಕಸಕ್ಕೆ ಹಾಕಿದ್ದರು.

ಕೊನೆಗೂ ಹಲಗೆ ಬಿಡಿಸಿಕೊಂಡು ಬಂತು. ಅಡುಗೆಮನೆಯಿಂದ ಅತ್ತೆ ಇಣುಕಿದರು.

"ಎಲ್ಲಿಗೆ ಹೊರಟೆ?"

"ಹಲಗೆ ಕೊಟ್ಟು ಬರ್ತೀನಿ ಅತ್ತೆ."

"ಒರೆಸಿ ಕೊಡು, ಇನ್ನೊಬ್ಬರ ಸಾಮಾನು. ಬಿಸಿಲೇರೋದ್ರೊಳಗೆ ಬಂದುಬಿಡು. ನೀನೂ ಬಿದ್ದುಕೊಂಡ್ರೆ ನನಗ್ಯಾರಿದಾರೆ?"

ನಾಲ್ಕು ದಿನವೂ ಅತ್ತೆ ಬಂದವರಿಗೆಲ್ಲ ಒಂದೇ ಮಾತು ಹೇಳಿದ್ದರು: ಪಾಪ, ಇವಳು ಔಷಧಿ ತರುವುದಕ್ಕೆ ಓಡಿದ್ದಳು, ಅಂಗಡಿಯಲ್ಲಿ ಜನವೋ ಜನ, ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಂದವರು ಲೊಚಗುಟ್ಟಿ ಇವಳ ತಲೆ ಸವರುತ್ತಿದ್ದರು. ಅವಳು ತಲೆ ತಗ್ಗಿಸಿ ಸವರಿಸಿಕೊಳ್ಳುತ್ತಿದ್ದಳು. ಔಷಧಿ ಅಂಗಡಿಗೆ ಹೋದದ್ದು ಸುಳ್ಳಲ್ಲ. ಅಲ್ಲಿ ಒಬ್ಬ ನರಪಿಳ್ಳೆಯೂ ಇರಲಿಲ್ಲ. ಐದು ನಿಮಿಷದಲ್ಲಿ ಕೆಲಸ ಮುಗಿದಿತ್ತು. ಉಳಿದ ಒಂದು ಗಂಟೆ ಅವಳು ಗೆಳತಿಯ ಕೋಣೆಯಲ್ಲಿ, ಬೆನ್ನು ತಿರುಗಿಸಿಕೊಂಡು, ಕದಲದೆ ಕೂತಿದ್ದಳು.

ಆ ಕೋಣೆ ಹಿಂದಿನ ಬೀದಿಯಲ್ಲಿ, ಸೈಕಲ್ ಅಂಗಡಿಯ ಮೇಲೆ. ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಇವತ್ತು ಮೊದಲ ಸಲ ಹೆಜ್ಜೆ ಎಣಿಸಿದಳು. ಮೆಟ್ಟಿಲೂ ಸೇರಿ ಮುನ್ನೂರ ಹನ್ನೆರಡು. ಓಡಿದರೆ ಎರಡು ನಿಮಿಷದ ದಾರಿ.

ಗೆಳತಿ ಶಾಲೆಯಲ್ಲಿ ಚಿತ್ರ ಕಲಿಸುವವಳು; ಅದಕ್ಕೇ ಇವಳು ತಮಾಷೆಗೆ ಮೇಷ್ಟ್ರೇ ಎಂದು ಕರೆಯುವುದು. ಅವಳು ಇವಳನ್ನು ಕರೆಯುವುದು ಗುಬ್ಬಿ ಎಂದು. ಒಂದೇ ಬೆಂಚಿನಲ್ಲಿ ಕೂತು ಓದಿದವರು. ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಶುರುವಾದ ಚಿತ್ರ ಇಪ್ಪತ್ತು ವರ್ಷದಿಂದ ನಿಂತಿರಲಿಲ್ಲ. ಪ್ರತಿ ಗುರುವಾರ ಮಧ್ಯಾಹ್ನ ಗೆಳತಿ ಇವಳನ್ನು ಅಲಾರಾಂ ಇಟ್ಟು ಕೂರಿಸುತ್ತಿದ್ದಳು. ಅದು ಹೊಡೆಯುವವರೆಗೆ ಅಲ್ಲಾಡಕೂಡದು, ಮೂಗು ಕೆರೆದುಕೊಂಡರೆ ಮೂಗಿಲ್ಲದೆ ಬರೆದುಬಿಡುತ್ತೇನೆ ಎಂದು ಹೆದರಿಸುತ್ತಿದ್ದಳು. ಮುಗಿದ ಮೇಲೆ ತಾರೀಕು, ಕೂತ ಹೊತ್ತು, ಎದ್ದ ಹೊತ್ತು, ಮೂರನ್ನೂ ಮೂಲೆಯಲ್ಲಿ ತಪ್ಪದೆ ಬರೆಯುತ್ತಿದ್ದಳು.

ಬಾಗಿಲು ತೆಗೆದೇ ಇತ್ತು. ಮಣ್ಣಿಗೆ ಬಂದ ದಿನ ಗೆಳತಿ ಗೇಟಿನ ಹತ್ತಿರವೇ ನಿಂತು, ಹತ್ತಿರ ಬಾರದೆ ಹೋಗಿದ್ದಳು. ಈಗಲೂ ಎದ್ದು ಬರಲಿಲ್ಲ. ಕಿಟಕಿಯ ಬಳಿಯ ಸ್ಟೂಲಿನಲ್ಲಿ ಕೂತಿದ್ದಳು, ಉಗುರುಗಳಲ್ಲಿ ಎಂದಿನ ಇದ್ದಿಲಿನ ಕಪ್ಪಿರಲಿಲ್ಲ. ಎದುರಿನ ಗೋಡೆಯಲ್ಲಿ ರಟ್ಟಿಗೆ ಪಿನ್ನು ಚುಚ್ಚಿದ ದೊಡ್ಡ ಹಾಳೆ, ಅದರ ಮೇಲೊಂದು ಹಳೆಯ ಪತ್ರಿಕೆಯ ಮುಸುಕು.

ದಾರಿಯುದ್ದಕ್ಕೂ ಸರಿಮಾಡಿಕೊಂಡು ಬಂದಿದ್ದ ಮಾತನ್ನು ಅವಳು ಹಲಗೆ ಕೆಳಗಿಳಿಸುವ ಮುಂಚೆಯೇ ಆಡಿದಳು.

"ಅದನ್ನ ಅಳಿಸಿಬಿಡು. ಮೂಲೇಲಿ ಟೈಮ್ ಬರೆದಿದೀಯ. ಯಾರ ಕಣ್ಣಿಗಾದ್ರೂ ಬಿದ್ರೆ ನಾನು ಆ ಮನೇಲಿ ಹೇಗಿರಲಿ?"

"ಒಂದ್ಸಲ ನೋಡು. ಆಮೇಲೆ ನೀನು ಹೇಳಿದ ಹಾಗೆ."

ಗೆಳತಿ ಮುಸುಕು ತೆಗೆದಳು. ಹೆಂಗಸೊಬ್ಬಳ ಬೆನ್ನು. ಮೇಲೆತ್ತಿ ಕಟ್ಟಿದ ಕೂದಲು, ಜಾರಿದ ಒಂದು ಭುಜ, ಬೆನ್ನುಮೂಳೆಯ ಉದ್ದಕ್ಕೂ ಬೆರಳಿನಿಂದ ತೀಡಿದ ನೆರಳು. ಎಷ್ಟೋ ತಿಂಗಳಿಂದ ಮಲಗದವಳು ಕೂತಲ್ಲೇ ದಣಿವಾರಿಸಿಕೊಳ್ಳುತ್ತಿರುವುದು ಆ ಬೆನ್ನಿನಲ್ಲಿ ಕಾಣುತ್ತಿತ್ತು. ಎಡಗೈಯ ಬೆರಳುಗಳನ್ನು ಬರೆದೇ ಇರಲಿಲ್ಲ. ಕತ್ತಿನಲ್ಲಿ ಮಾತ್ರ ಎರಡು ಗೆರೆಗಳಿದ್ದವು. ನೆಟ್ಟಗಿದ್ದ ಒಂದನ್ನು ಒರೆಸಲಾಗಿತ್ತು, ಮಸುಕು ಉಳಿದಿತ್ತು. ಅದರ ಪಕ್ಕದಲ್ಲಿ ಇದ್ದಿಲನ್ನು ಒತ್ತಿ ಎಳೆದ ಇನ್ನೊಂದು, ಕಿವಿಯ ಹಿಂದಿನಿಂದ ಹೆಗಲವರೆಗೆ, ಬಿಗಿದ ದಾರದ ಹಾಗೆ. ಕಿವಿ ಬಲಗಡೆಯ ಶೆಲ್ಫಿನತ್ತ ಕೂದಲೆಳೆಯಷ್ಟು ತಿರುಗಿತ್ತು.

ಆ ದಿನ ಶೆಲ್ಫಿನ ಮೇಲೆ ಅವಳ ಚೀಲವಿತ್ತು. ಚೀಲದೊಳಗೆ ಫೋನು.

ಅದು ಗುಂಯ್ಗುಟ್ಟಿತ್ತು. ಅಲಾರಾಂ ಹೊಡೆಯಲು ಇನ್ನೂ ಒಂಬತ್ತು ನಿಮಿಷವಿತ್ತು. ಒಂಬತ್ತು ನಿಮಿಷ ಯಾರಿಗೂ ಏನನ್ನೂ ಎತ್ತಿಕೊಡಬೇಕಿಲ್ಲ, ಯಾರನ್ನೂ ಹೊರಳಿಸಿ ಮಲಗಿಸಬೇಕಿಲ್ಲ. ಅತ್ತೆ ಸಾಬೂನು ತಾ ಎನ್ನಲು ಮಾಡಿರಬಹುದು ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಮತ್ತೊಮ್ಮೆ ಗುಂಯ್ಗುಟ್ಟಿದಾಗ ಅದನ್ನೂ ಹೇಳಿಕೊಳ್ಳಲಿಲ್ಲ, ಸುಮ್ಮನೆ ಕೂತಿದ್ದಳು. ಹಿಂದೆ ಹಾಳೆಯ ಮೇಲೆ ಇದ್ದಿಲು ಕರಕರ ಸದ್ದು ಮಾಡುತ್ತಲೇ ಇತ್ತು. ಗೆಳತಿಗೆ ಏನೂ ಕೇಳಿಸಿಲ್ಲ, ಸದ್ಯ, ಅಂದುಕೊಂಡಿದ್ದಳು.

"ನಿನಗೂ ಕೇಳಿಸಿತ್ತಾ?"

"ಎರಡು ಸಲ." ಗೆಳತಿ ಚಿತ್ರದ ಕಡೆಗೇ ನೋಡುತ್ತಿದ್ದಳು. "ನೀನು ಅಲ್ಲಾಡಲಿಲ್ಲ ಗುಬ್ಬಿ. ಕತ್ತಿನ ನರ ಬಿಗಿಯಾಯ್ತು, ಅಷ್ಟೇ. ಏಳು ಅಂತ ನಾನು ಹೇಳಬೇಕಿತ್ತು. ಆದ್ರೆ ಆ ಗೆರೆ ಅಷ್ಟು ಚೆನ್ನಾಗಿತ್ತು ಕಣೇ. ಎಲ್ಲಿ ಕೈತಪ್ಪಿ ಹೋಗುತ್ತೋ ಅಂತ, ಮೊದಲಿದ್ದದ್ದನ್ನ ಒರೆಸಿ, ಅದನ್ನ ಬರ್ಕೊಂಡೆ."

ಕೆಳಗೆ ಸೈಕಲ್ ಅಂಗಡಿಯಲ್ಲಿ ಯಾರೋ ಚಕ್ರ ತಿರುಗಿಸಿ ಬಿಟ್ಟರು. ಅವಳು ತನ್ನೊಳಗೆ ಸಿಟ್ಟನ್ನು ಹುಡುಕಿದಳು. ಸಿಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ತಲೆ ಸವರಿದ ಅಷ್ಟು ಕೈಗಳಲ್ಲಿ ಒಂದಕ್ಕೂ ಗೊತ್ತಿಲ್ಲದ್ದು ಈ ಹಾಳೆಗೆ ಗೊತ್ತಿತ್ತು. ಬರೆದವಳಿಗೂ ಗೊತ್ತಿತ್ತು.

ಗೆಳತಿ ಮೊಳೆಗೆ ನೇತುಹಾಕಿದ್ದ ಬಟ್ಟೆಯನ್ನು ತೆಗೆದು ಚಾಚಿದಳು. ಇದ್ದಿಲು ಒರೆಸಿ ಒರೆಸಿ ಕರ್ರಗಾದ ಹಳೆಯ ದಿಂಬಿನ ಚೀಲ.

"ಇದ್ದಿಲು ಉದುರದ ಹಾಗೆ ಹಿಡಿಯೋ ಸ್ಪ್ರೇ ಇನ್ನೂ ಹೊಡೆದಿಲ್ಲ. ಒಂದು ಸಲ ಎಳೆದ್ರೆ ಹೋಗುತ್ತೆ. ನೀನೇ ಒರೆಸು, ನನ್ನ ಕೈಲಿ ಆಗ್ತಿಲ್ಲ."

ಅವಳು ಬಟ್ಟೆ ತೆಗೆದುಕೊಂಡಳು. ಹಾಳೆಯ ಹತ್ತಿರ ಹೋಗಿ ಕೈಯೆತ್ತಿ, ಕತ್ತಿನ ಗೆರೆಗೆ ಎರಡು ಬೆರಳು ದೂರದಲ್ಲಿ ಹಿಡಿದು ನಿಂತಳು. ತೋಳು ನೋಯುವಷ್ಟು ಹೊತ್ತು ಹಾಗೆಯೇ ನಿಂತಿದ್ದಳು. ಅವಳಿಗೆ ಅಲ್ಲಾಡದೆ ನಿಲ್ಲುವುದು ಅಭ್ಯಾಸವಾಗಿತ್ತು.

ಆಮೇಲೆ ಕೈಯನ್ನು ಕೆಳಗಿಳಿಸಿದಳು. ಏನಾದರೂ ಮಾಡಬೇಕಲ್ಲ ಎಂಬಂತೆ, ಬಾಗಿಲಿಗೆ ಒರಗಿಸಿದ್ದ ಹಲಗೆಯನ್ನು ಎತ್ತಿ ಮೇಜಿನ ಮೇಲೆ ಇಟ್ಟಳು. ಅತ್ತೆ ಒರೆಸಿ ಕೊಡು ಎಂದಿದ್ದರು, ಮರೆತೇ ಬಂದಿದ್ದಳು. ಕೈಯಲ್ಲಿದ್ದ ಬಟ್ಟೆಯಿಂದಲೇ ಉದ್ದಕ್ಕೂ ಅಡ್ಡಕ್ಕೂ ಒರೆಸಿದಳು.

"ಅದು ಇದ್ದಿಲು ಬಟ್ಟೆ ಕಣೇ," ಎಂದ ಗೆಳತಿ ಹತ್ತಿರ ಬಂದು ಹಲಗೆಯ ಮೇಲೆ ಬಾಗಿದಳು.

ಬಿಳಿಮರದ ಮೇಲೆ ತೆಳ್ಳಗೆ ಮಸಿ ಹರಡಿತ್ತು. ಗಾಲಿಯ ಹಲ್ಲು ಒತ್ತಿದ ಕಡೆಯೆಲ್ಲ ಅದು ಇಳಿದು ಕೂತು ಚುಕ್ಕೆಗಳು ಏಳುತ್ತಿದ್ದವು. ಮೊದಲು ಕೋಟಿನ ಕುತ್ತಿಗೆಯ ಬಾಗು ಕಂಡಿತು. ಅಲ್ಲಿಂದ ಇಳಿದ ಭುಜ, ಕಂಕುಳ ಸುತ್ತು, ತೋಳು. ಬಲಭುಜ ಎಡಭುಜಕ್ಕಿಂತ ಅರ್ಧ ಬೆರಳು ತಗ್ಗು, ಅವಳದು ಇರುವ ಹಾಗೆಯೇ. ಚುಕ್ಕೆಗಳ ಸಾಲು ಮಣಿಕಟ್ಟಿನವರೆಗೆ ಬಂದು ಮುಗಿಯಿತು.

ಅವಳು ಹಲಗೆಯನ್ನು ಎತ್ತಿ ಗೆಳತಿಯತ್ತ ನೀಡಿದಳು. ಗೆಳತಿ ಚುಕ್ಕೆಗಳಿಗೆ ಬೆರಳು ತಾಗದಂತೆ ಎರಡು ಅಂಚನ್ನು ಹಿಡಿದುಕೊಂಡಳು. ಉಳಿದೆರಡು ಅಂಚನ್ನು ಅವಳು ಇನ್ನೂ ಬಿಟ್ಟಿರಲಿಲ್ಲ.