ಕೆಂಪು ವೈನೂ ದೇವರೆತ್ತಿನ ಹಗ್ಗವೂ

ತಿರುಪ್ಪೂರಿನಲ್ಲಿ ಕೆಂಪು ಬಣ್ಣ ಹುಟ್ಟಬೇಕಾದರೆ ಮೊದಲು ನನ್ನ ಅಪ್ಪಣೆ ಕೇಳಬೇಕು. ಲೋಗನಾಥಣ್ಣನ ಸಾಯಪಟ್ಟರೆಯಲ್ಲಿ, ಅಂದರೆ ಬನಿಯನ್ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ, ನಾನು ಕಲರ್ ಮಾಸ್ಟರ್ ತಿರುಮೂರ್ತಿ. ದಾಳಿಂಬೆ ಕೆಂಪು, ಇಟ್ಟಿಗೆ ಕೆಂಪು, ಹೊಸ ಸೊಸೆಯ ಕೋಪದ ಕೆಂಪು, ಹೀಗೆ ಸಾವಿರ ಕೆಂಪುಗಳನ್ನು ಕಣ್ಣು ಕಟ್ಟಿಕೊಂಡೇ ಬೇರೆ ಮಾಡಬಲ್ಲೆ. ಹೊರದೇಶದಿಂದ ತರಿಸಿದ ಬಣ್ಣ ಅಳೆಯುವ ಯಂತ್ರ ನನ್ನನ್ನು ನೋಡಿದ ನಾಚಿಕೆಗೇ ಕೆಟ್ಟು ಕೂತಿತ್ತು.

ಇಂಥ ನನ್ನ ಎದುರಿಗೆ, ಫ್ರಾನ್ಸಿನ ಬಯ್ಯರ್ ಮಾರ್ಸೆಲ್ ಮನೆಗೆ ಊಟಕ್ಕೆ ಬರುತ್ತಾನೆ, ಅವನಿಗೆ ಯಾವ ಕೆಂಪು ವೈನ್ ಇಡುವುದು ಎಂದು ಲೋಗನಾಥಣ್ಣ ತಲೆ ಕೆರೆದುಕೊಂಡರೆ ನಾನು ಸುಮ್ಮನಿರುವುದುಂಟೇ? ಕೆಂಪು ಅಂದಮೇಲೆ ನನ್ನನ್ನು ಕೇಳಿ ಎಂದುಬಿಟ್ಟೆ. ಅಣ್ಣ ಅಲ್ಲೇ ನನ್ನನ್ನು ಮಾರ್ಸೆಲ್‌ನ ಪಕ್ಕದ ಕುರ್ಚಿಗೆ ನೇಮಿಸಿದರು.

ನಾನು ಹುಟ್ಟಿದಂದಿನಿಂದ ವೈನ್ ಇರಲಿ, ಕಳ್ಳನ್ನೂ ಮೂಸಿದವನಲ್ಲ. ಊರಿಗೆ ಹೋಗುವ ಬಸ್ಸಿನಲ್ಲಿ ಫೋನು ಹಿಡಿದು ಓದತೊಡಗಿದೆ. ಪಲ್ಲಡಂ ದಾಟುವಾಗ ಫ್ರಾನ್ಸ್ ಮುಗಿಯಿತು, ಗುಡಿಮಂಗಲದಲ್ಲಿ ಇಟಲಿ. ಉಡುಮಲೈಪೇಟೆಯಲ್ಲಿ ಇಳಿಯುವಾಗ ಸ್ಪೇನಿನ ದ್ರಾಕ್ಷಿತೋಟಗಳೆಲ್ಲ ನನ್ನ ಮಾವನ ಮನೆಯಷ್ಟು ಪರಿಚಯವಾಗಿದ್ದವು.

ತೊಡಕು ಇದ್ದದ್ದು ಬೇರೆ ಕಡೆ. ಕನ್ನಡ ಮಾತಾಡುವ ನಮ್ಮ ಒಕ್ಕಲಿನವರು ಉಡುಮಲೈ ಕಡೆ ದೇವರಿಗೆ ಬಿಟ್ಟ ಎತ್ತೊಂದನ್ನು ಸಾಕುತ್ತೇವೆ. ದನಗಳ ಹಬ್ಬವಾದ ಮಾಟ್ಟುಪೊಂಗಲ್ ದಿನ ಅದರ ಹಗ್ಗ ಹಿಡಿದು ಗುಡಿಗೆ ನಡೆಸುವ ಮಾನ ವರ್ಷಕ್ಕೊಬ್ಬನಿಗೆ. ಅವನು ಅಲ್ಲಿಯವರೆಗೆ ಹೆಂಡ ಮುಟ್ಟಬಾರದು. ನಾಲಗೆಗೆ ಒಂದು ತೊಟ್ಟು ಬಿದ್ದರೂ ಹಗ್ಗ ಇನ್ನೊಬ್ಬನ ಪಾಲು. ಯಾರಿಗೆ ಎಂದು ತೀರ್ಮಾನಿಸುವವಳು ಲೋಗನಾಥಣ್ಣನ ತಾಯಿ ಬೆಳ್ಳಿಯಮ್ಮ. ನಮ್ಮಪ್ಪ ಆ ಹಗ್ಗಕ್ಕೆ ಕಾದು ಕಾದು, ಮಗನಿಗಾದರೂ ಸಿಗಲಿ ಎನ್ನುತ್ತಲೇ ಕಣ್ಣು ಮುಚ್ಚಿದ. ಈ ವರ್ಷ ಅದು ನನಗೆ ಸಿಕ್ಕಿತ್ತು. ಈ ಮಾತಿಗೆ ಮಾತ್ರ ನಾನು ಉಪ್ಪುಖಾರ ಹಚ್ಚಿಲ್ಲ.

ವೈನಿನ ಹೆಸರು ಹೇಳಿದರೆ ಸಾಕು, ಕುಡಿಯಬೇಕೆಂದಿಲ್ಲ, ಅಮ್ಮ ಹೇಗೂ ತೋಟದ ಮನೆಯಲ್ಲಿರುತ್ತಾಳೆ ಎಂದು ಅಣ್ಣ ಧೈರ್ಯ ಕೊಟ್ಟರು.

ಭಾನುವಾರ ಮಧ್ಯಾಹ್ನ ಮಾರ್ಸೆಲ್ ಬಂದ. ಅವನ ಗಾತ್ರ ಎರಡು ಹತ್ತಿ ಬೇಲು. ಗೋಡೆಗೂ ಅವನಿಗೂ ನಡುವೆ ನನ್ನನ್ನು ಕೂರಿಸಿದರು. ಅವನು ಏಳದೆ ನಾನು ಏಳುವಂತಿರಲಿಲ್ಲ. ಎದುರಿಗೆ ಅಣ್ಣನ ಮಗಳು ಕೃತ್ತಿಕಾ, ರಫ್ತಿನ ವ್ಯವಹಾರ ನೋಡಿಕೊಳ್ಳುವವಳು. ಮಟನ್ ಬಿರಿಯಾನಿ ಬಂತು. ಅಣ್ಣ ಬಗೆಬಗೆಯದು ತರಿಸಿ ಬೀರುವಿನಲ್ಲಿಟ್ಟಿದ್ದ ವೈನುಗಳಲ್ಲೊಂದು ಎಲ್ಲರ ಲೋಟಕ್ಕೂ ಬಿತ್ತು. ನಾನು ಮೊಸರನ್ನ ಕಲಸುತ್ತ ನನ್ನ ಕಾರ್ಖಾನೆ ಇಂಗ್ಲಿಷಿನಲ್ಲಿ ಶುರುಮಾಡಿದೆ. ಫ್ರಾನ್ಸಿನ ಬೋರ್ಡೋದಲ್ಲಿ ಪೊಯಾಕ್ ಕಡೆಯದು, ಎರಡು ಸಾವಿರದ ಐದರದ್ದಾದರೆ ಕಣ್ಣು ಮುಚ್ಚಿ ಕೊಳ್ಳಿ. ಹದಿಮೂರರದ್ದನ್ನು ವೈರಿಗೂ ಕೊಡಬೇಡಿ, ಆ ವರ್ಷ ಮಳೆ ಕೆಡಿಸಿತು. ಇಟಲಿಯ ಬರೋಲೊ ಹತ್ತರದ್ದು ಒಳ್ಳೆಯದು, ಹದಿನಾರರದ್ದು ಇನ್ನೂ ಒಳ್ಳೆಯದು, ಆದರೆ ಅವಸರಪಡಬಾರದು. ಆ ಮಳೆಯಲ್ಲಿ ನಾನೇ ಕೊಡೆ ಹಿಡಿದು ನಿಂತಿದ್ದೆ ಎಂಬಷ್ಟು ಸಲೀಸಾಗಿ ಹೇಳಿದೆ. ಮಾರ್ಸೆಲ್ ಚಮಚ ಕೆಳಗಿಟ್ಟು ಕೇಳತೊಡಗಿದ.

ಆಗಲೇ ಬಾಗಿಲಲ್ಲಿ ಬೆಳ್ಳಿಯಮ್ಮ. ಪೊಳ್ಳಾಚಿಯ ಮದುವೆಗೆ ಹೋದವಳು ಮಗನ ಮನೆ ನೋಡಿಕೊಂಡು ಹೋಗೋಣವೆಂದು ಬಂದಿದ್ದಳು. ನೇರ ನನ್ನೆದುರಿನ ಸೋಫಾದಲ್ಲಿ ಕೂತಳು. ನನ್ನ ಮುಂದೆ ತುಂಬಿದ ಲೋಟ.

"ಏನ್ ಸಾಮಿ ಅದು, ಕೆಂಪಗೆ?"

"ಸಾಯತಣ್ಣಿ ದೊಡ್ಡವ್ವಾ, ಬಣ್ಣದ ನೀರು. ಬಯ್ಯರ್ ಸ್ಯಾಂಪಲ್ ತಂದವ್ರೆ, ಕಲರ್ ನೋಡ್ತಾ ಇವ್ನಿ."

ಅವಳು ತಲೆಯಾಡಿಸಿದಳು. ಲೋಗನಾಥಣ್ಣ ತಮ್ಮ ಲೋಟವನ್ನು ಬಿರಿಯಾನಿ ಪಾತ್ರೆಯ ಹಿಂದೆ ಸರಿಸಿದರು.

ಮಾರ್ಸೆಲ್ ತನ್ನ ಚೀಲದಿಂದ ಇನ್ನೊಂದು ಬಾಟಲಿ ತೆಗೆದ. ಅವನ ತಾತನ ತೋಟದ್ದು, ಸಾವಿರದ ಒಂಬೈನೂರ ತೊಂಬತ್ತರದ್ದು. ನನ್ನಂಥವನಿಗೆಂದೇ ಎತ್ತಿಟ್ಟಿದ್ದನಂತೆ. ಲೋಟಕ್ಕೆ ಸುರಿದು ನನ್ನ ಕೈಗೆ ಕೊಟ್ಟ. ಕುಡಿಯುವಂತಿಲ್ಲ, ಇಡುವಂತಿಲ್ಲ, ಏಳುವಂತಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿದೆ. ನಡುವೆ ಕೆಂಪು ಚೆನ್ನಾಗಿತ್ತು. ಅಂಚಿನಲ್ಲಿ ಬಣ್ಣ ಇಳಿದು ಇಟ್ಟಿಗೆಯಂತಾಗಿತ್ತು. ಇಂಥ ಬಟ್ಟೆ ಪಟ್ಟರೆಯಲ್ಲಿ ಬಂದರೆ ಇಡೀ ಲಾಟನ್ನೇ ವಾಪಸು ಕಳಿಸುತ್ತೇನೆ. ಅಭ್ಯಾಸಬಲ, ಬಾಯಿ ತಾನೇ ತೆರೆಯಿತು: ಇದು ಬಣ್ಣ ಬಿಟ್ಟಿದೆ, ಎರಡನೇ ಒಗೆತಕ್ಕೆ ನಿಲ್ಲುವುದಿಲ್ಲ, ಇದನ್ನು ಬಿಟ್ಟು ಹದಿನಾರರದ್ದು ತೆಗೆದುಕೊಳ್ಳಿ.

ಲೋಗನಾಥಣ್ಣನ ಮುಖದ ಬಣ್ಣವೂ ಇಳಿಯಿತು. ಹಳೆಯ ವೈನಿಗೆ ಆ ಅಂಚೇ ಹೆಮ್ಮೆ ಎಂಬ ಸಾಲು ನಾನು ಓದಿದ ಬಸ್ಸಿನಲ್ಲಿ ಬಂದಿರಲಿಲ್ಲ. ಮಾರ್ಸೆಲ್ ನನ್ನ ಕೈಯಿಂದ ಲೋಟ ತೆಗೆದುಕೊಂಡು ದೊಡ್ಡ ಗುಟುಕು ಕುಡಿದ.

ಬೆಳ್ಳಿಯಮ್ಮ ಸೋಫಾದಿಂದ ಹಾರಿದಳು. ಹಾಗೆ ಹಾರುವುದನ್ನು ನಾನು ಕರುಗಳಲ್ಲಿ ಮಾತ್ರ ಕಂಡಿದ್ದೇನೆ. ಅಯ್ಯೋ, ಆ ಬಿಳಿ ದೊರೆ ಸಾಯ ಕುಡೀತಾ ಇದಾನೆ ಎನ್ನುತ್ತ ಅವನ ಕೈಯಿಂದ ಲೋಟ ಕಿತ್ತುಕೊಂಡಳು. ಬೆನ್ನಿಗೆ ಗುದ್ದಿ ಉಗುಳು ಎಂದಳು. ಆಮೇಲೆ ಲೋಟದ ವಾಸನೆ ಅವಳ ಮೂಗಿಗೆ ಹೊಡೆಯಿತು.

ಅವಳು ಲೋಟವನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದಳು.

"ಬಾಯಿಗೆ ಹೋಯ್ತಾ, ತಿರುಮೂರ್ತಿ?"

ಇಲ್ಲ ಎಂದರೆ ಮಾರ್ಸೆಲ್‌ನ ಮುಂದೆ ನನ್ನ ಪಾಂಡಿತ್ಯ ಹೋಗುತ್ತದೆ, ಜೊತೆಗೆ ಅಣ್ಣನ ಮರ್ಯಾದೆ. ಹೌದು ಎಂದರೆ ಹಗ್ಗ. ಗೋಡೆ ಪಕ್ಕೆಗೆ ಒತ್ತುತ್ತಿತ್ತು.

"ಒಂದು ತೊಟ್ಟೂ ಇಲ್ಲ ದೊಡ್ಡವ್ವಾ. ಇವತ್ತಲ್ಲ, ಜನ್ಮದಲ್ಲೇ ಕುಡಿದಿಲ್ಲ."

ಕೃತ್ತಿಕಾ ಅದನ್ನು ಮಾರ್ಸೆಲ್‌ಗೆ ಇಂಗ್ಲಿಷಿನಲ್ಲಿ ಹೇಳಿದಳು. ಅವನು ಮೇಜು ಅಲುಗುವಂತೆ ನಕ್ಕ. ನನ್ನ ತಾತನ ವೈನನ್ನು ಮುಖಕ್ಕೆ ಹೊಡೆದಂತೆ ಬೈಯುವ ಎದೆಗಾರಿಕೆ ಕುಡಿಯದವನಿಗೆ ಎಲ್ಲಿಂದ ಬರಬೇಕು ಎಂದ. ಕೃತ್ತಿಕಾ, ಪಾಪ, ನನಗೆ ಒಳ್ಳೆಯದಾಗಲೆಂದು ಅದನ್ನೂ ಅಜ್ಜಿಗೆ ಕನ್ನಡದಲ್ಲಿ ಹೇಳಿದಳು. ನಾನು ಯಾವ ಊರಿನ ಯಾವ ವರ್ಷದ್ದು ಚೆಂದ ಎಂದು ಹೊಗಳಿದೆನೋ ಅದನ್ನೆಲ್ಲ ಸೇರಿಸಿ ಹೇಳಿದಳು.

"ಕುಡೀದವನಿಗೆ ಇಷ್ಟೆಲ್ಲ ಹೆಂಗೆ ತಿಳೀತು?" ಎಂದಳು ಬೆಳ್ಳಿಯಮ್ಮ.

ಫೋನಿನಲ್ಲಿ ಓದಿದೆ ಎಂದೆ. ನನ್ನ ಕೈಯಿಂದ ಎತ್ತಿಗೆ ಹಿಂಡಿ ಕೊಡಿಸಿ ನೋಡಿ, ಕುಡಿದವನಾದರೆ ಅದು ಮೂತಿ ತಿರುಗಿಸಲಿ ಎಂದು ಕೇಳಿಕೊಂಡೆ.

"ಕಡಲೆಹಿಂಡಿ ಕೊಟ್ರೆ ಅದು ಕಳ್ಳನ ಕೈಯಿಂದಾನೂ ತಿಂತದೆ. ಅದೇ ಎತ್ತು ನಿನ್ನ ನೋಡಿ ಮೂರು ಸಲ ಅತ್ತುಬಿಡ್ತು ಅಂತ ಹೋದ ತಿಂಗಳು ನೀನೇ ಹೇಳ್ದೆ. ನಿನ್ನ ಯಾವ ಮಾತು ನಂಬಲಿ ಸಾಮಿ?"

ಈ ವರ್ಷ ಹಗ್ಗ ನಮ್ಮ ಒಕ್ಕಲಿನ ವೆಲ್ಲಿಂಗಿರಿ ಹಿಡಿಯಲಿ ಎಂದು ಮಗನಿಗೆ ಹೇಳಿ, ಬೆಳ್ಳಿಯಮ್ಮ ಚಪ್ಪಲಿ ಮೆಟ್ಟಿಕೊಂಡು ಕಾರಿನ ಕಡೆ ನಡೆದಳು. ಹಿಂದೆ ಹೋಗಲು ನಾನು ಅರ್ಧ ಎದ್ದೆ. ಮಾರ್ಸೆಲ್ ನನ್ನ ಹೆಗಲ ಮೇಲೆ ಕೈಯಿಟ್ಟು ಕೂರಿಸಿದ. ಇನ್ನು ಯಾವುದು ತೆಗೆಯೋಣ, ನೀವೇ ಹೇಳಿ ಎಂದ. ಲೋಗನಾಥಣ್ಣ ಕಣ್ಣಲ್ಲೇ ಬೇಡಿಕೊಂಡರು.

ಸ್ಪೇನಿನ ರಿಯೋಹ, ಹತ್ತರದ್ದು ಎಂದೆ. ಲೋಟ ತುಂಬಿತು. ಇನ್ನೇನು ಅಡ್ಡಿ, ಹಗ್ಗ ಹೋಯಿತಲ್ಲ, ಕುಡಿ ಎಂದು ಅಣ್ಣ ಮೆಲ್ಲಗೆ ಹೇಳಿದರು. ಹೊರಗೆ ಬೆಳ್ಳಿಯಮ್ಮನ ಕಾರು ಇನ್ನೂ ಹೊರಟಿರಲಿಲ್ಲ. ವೈನಿಗೆ ಸ್ವಲ್ಪ ಗಾಳಿಯಾಡಲಿ ಎಂದು ನಾನು ಲೋಟವನ್ನು ದೂರ ಸರಿಸಿ, ಮೊಸರನ್ನಕ್ಕೆ ಕೈ ಹಾಕಿದೆ.